ಮನೆಯ ನೆರಳಿನಲ್ಲೇ ಹೂ: ಉತ್ತರ ಬಾಗಿಲಿನ ಒಂದು ಅಂಗಳ

ಬೆಂಗಳೂರಿನ ದಕ್ಷಿಣ ಭಾಗದ ಹಳೇ ಬಡಾವಣೆಯೊಂದರ ಮನೆ ಇದು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಮನೆಯ ಹಿರಿಯರನ್ನು ಇಲ್ಲಿ ಟೀಚರಮ್ಮ ಅಂತ ಕರೆಯುತ್ತೇನೆ. ಪ್ರೈಮರಿ ಶಾಲೆಯಲ್ಲಿ 31 ವರ್ಷ ಪಾಠ ಹೇಳಿ ನಿವೃತ್ತರಾದವರು. ನಾನು ಮನೆ ತೋಟ ಮಾಡಿಕೊಡುವ ಕೆಲಸದವಳು. ನೆರಳಲ್ಲಿ ಯಾವ ಹೂಗಿಡ ಬರುತ್ತೆ ಅಂತ ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ಗಿಡಗಳ ಹೆಸರು ಹೇಳಿಬಿಡುವುದು ಸುಲಭ. ಆದರೆ ಈ ಮನೆಯಲ್ಲಿ ಹಾಗೆ ಹೇಳಿದ ಹೆಸರುಗಳೇ ಎರಡು ಸಲ ಕೈಕೊಟ್ಟಿದ್ದವು.

ಹಿನ್ನೆಲೆ

ಸೈಟು 40×60. ಬಾಗಿಲು ಉತ್ತರಕ್ಕೆ. ಬಾಗಿಲಿನಿಂದ ಕಾಂಪೌಂಡ್‌ವರೆಗೆ 15 ಅಡಿ ಅಂಗಳ. ಮೊದಲು ಅದು ಒಂದೇ ಅಂತಸ್ತಿನ ಮನೆ, 12 ಅಡಿ ಎತ್ತರ. ಆಗ ಕಾಂಪೌಂಡ್ ಪಕ್ಕ ನಾಲ್ಕು ಗುಲಾಬಿ, ಒಂದು ದುಂಡುಮಲ್ಲಿಗೆ, ಒಂದು ಕೆಂಪು ದಾಸವಾಳ ಇದ್ದವು. ದೇವರಿಗೆ ಹೂ ಕೊಂಡು ತಂದದ್ದೇ ಇಲ್ಲ ಅಂತಾರೆ ಟೀಚರಮ್ಮ.

2021ರಲ್ಲಿ ಮಗ ಮೇಲೆ ಎರಡು ಅಂತಸ್ತು ಕಟ್ಟಿಸಿ ಬಾಡಿಗೆಗೆ ಕೊಟ್ಟರು. ಮನೆ 33 ಅಡಿ ಆಯಿತು. ಕೆಲಸ ನಡೆಯುವಾಗ ಹಳೇ ಗಿಡಗಳೆಲ್ಲ ಹೋದವು. ಕೆಲಸ ಮುಗಿದ ಮೇಲೆ ಅಂಗಳಕ್ಕೆ ನಾಲ್ಕು ಇಂಚು ಕೆಮ್ಮಣ್ಣು ಹರಡಿ ಕಂಟ್ರಾಕ್ಟರ್ ಹೊರಟುಹೋದರು. ಆ ಮಣ್ಣಿನ ಕೆಳಗೆ ಏನಿತ್ತು ಅನ್ನೋದು ಆಮೇಲೆ ಗೊತ್ತಾಯಿತು.

ಟೀಚರಮ್ಮನಿಗೆ ಆಗ 68. ಎರಡೂ ಮಂಡಿ ನೋವು. ಕುಕ್ಕರುಗಾಲಲ್ಲಿ ಕೂತು ಕೆಲಸ ಮಾಡಲಾಗದು. ಮಗ, ಸೊಸೆ ಇಬ್ಬರೂ ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಡುತ್ತಾರೆ. ಮನೆಯಲ್ಲಿ ಅಂಬೆಗಾಲಿಡುವ ಮೊಮ್ಮಗು. ಗಿಡಕ್ಕೆ ಅಂತ ದಿನಕ್ಕೆ ಹದಿನೈದು ನಿಮಿಷ ಸಿಕ್ಕರೆ ಹೆಚ್ಚು.

ಎರಡು ಸಲ ಹಾಳಾದದ್ದು

2022ರ ಜೂನ್‌ನಲ್ಲಿ ಮಗ ನರ್ಸರಿಗೆ ಹೋಗಿ ಹಳೇ ಗಿಡಗಳನ್ನೇ ಮತ್ತೆ ತಂದರು. ಗುಲಾಬಿ, ಮಲ್ಲಿಗೆ, ದಾಸವಾಳ, ಜೊತೆಗೆ ಸೇವಂತಿಗೆ. ಅವತ್ತು ಅಂಗಳದ ತುಂಬ ಬಿಸಿಲಿತ್ತು. ಹಾಗಾಗಿ ಅನುಮಾನವೇ ಬರಲಿಲ್ಲ. ಎರಡು ತಿಂಗಳು ಚೆನ್ನಾಗಿಯೂ ಇದ್ದವು. ನವೆಂಬರ್ ಹೊತ್ತಿಗೆ ಮಲ್ಲಿಗೆ ಬರೀ ಎಲೆ. ಗುಲಾಬಿಯ ಎಲೆಗೆ ಕಪ್ಪು ಚುಕ್ಕೆ ಬಂದು, ಕಡ್ಡಿ ತುದಿಯಿಂದ ಒಣಗುತ್ತಾ ಬಂತು. ದಾಸವಾಳಕ್ಕೆ ಬಿಳಿ ಹಿಟ್ಟಿನ ತಿಗಣೆ. ಮನೆಯವರು ಎಲ್ಲರೂ ಮಾಡುವುದನ್ನೇ ಮಾಡಿದರು. ಗೊಬ್ಬರ ಜಾಸ್ತಿ ಹಾಕಿದರು, ನೀರು ಜಾಸ್ತಿ ಬಿಟ್ಟರು. ನೆರಳಲ್ಲಿ ಗಿಡ ಕುಡಿಯುವ ನೀರೇ ಕಡಿಮೆ. ಬೇರು ಕೊಳೆಯಿತು.

ಡಿಸೆಂಬರ್‌ನಲ್ಲಿ ಎರಡನೇ ಪ್ರಯತ್ನ. ಈ ಸಲ ನರ್ಸರಿಯಲ್ಲಿ ಸ್ಪಷ್ಟವಾಗಿ "ನೆರಳಿಗೆ ಕೊಡಿ" ಅಂತ ಕೇಳಿ, ಆರು ಪೀಸ್ ಲಿಲಿ, ಹತ್ತು ಇಂಪೇಷನ್ಸ್ ತಂದರು. ಮನೆ ಗೋಡೆಯ ಬುಡದಲ್ಲಿ ಸಾಲಾಗಿ ನೆಟ್ಟರು. ಮಾರ್ಚ್‌ವರೆಗೆ ಬಹಳ ಚೆನ್ನಾಗಿ ಬಂದವು. ಮೇ ಎರಡನೇ ವಾರ ಪೀಸ್ ಲಿಲಿಯ ಎಲೆಗಳು ಇಸ್ತ್ರಿ ಪೆಟ್ಟಿಗೆ ತಾಗಿದ ಹಾಗೆ ಕಂದು ಬಣ್ಣಕ್ಕೆ ತಿರುಗಿದವು. ಇಂಪೇಷನ್ಸ್ ಮಧ್ಯಾಹ್ನವೇ ಮಲಗಿಬಿಡುತ್ತಿದ್ದವು, ಸಂಜೆ ನೀರು ಹಾಕಿದರೂ ಏಳಲಿಲ್ಲ.

ಎರಡೂ ಸಲ ಸೇರಿ ಸುಮಾರು 7,000 ರೂಪಾಯಿ ಖರ್ಚಾಗಿತ್ತು. ಟೀಚರಮ್ಮನನ್ನು ಕಾಡಿದ್ದು ದುಡ್ಡಲ್ಲ. "ಬಿಸಿಲಿನ ಗಿಡ ಹಾಕಿದರೆ ನೆರಳು ಅನ್ನುತ್ತೆ, ನೆರಳಿನ ಗಿಡ ಹಾಕಿದರೆ ಬಿಸಿಲು ಅನ್ನುತ್ತೆ. ಈ ಜಾಗಕ್ಕೆ ಏನು ಬೇಕು ಅಂತಲೇ ಗೊತ್ತಾಗ್ತಿಲ್ಲ ಕಣಮ್ಮ" ಅಂದರು. ನಾನು ಮೊದಲ ಸಲ ಆ ಮನೆಗೆ ಹೋಗಿದ್ದು ಆಗಲೇ, 2023ರ ಜೂನ್ ಮೊದಲ ವಾರ.

ಸೀಮೆಸುಣ್ಣದ ಗೆರೆ

ಅವರ ಮಾತಲ್ಲೇ ಉತ್ತರ ಇತ್ತು. ಆ ಅಂಗಳ ನೆರಳಿನದ್ದೂ ಅಲ್ಲ, ಬಿಸಿಲಿನದ್ದೂ ಅಲ್ಲ. ವರ್ಷದಲ್ಲಿ ಎರಡೂ ಆಗುವ ಜಾಗ.

ಬೆಂಗಳೂರು ಇರುವುದು ಸಮಭಾಜಕದಿಂದ 13 ಡಿಗ್ರಿ ಉತ್ತರಕ್ಕೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ಇಲ್ಲಿ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಈ ಎರಡು ದಿನಗಳ ನಡುವೆ ಅವನು ನಮ್ಮ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಅಂದರೆ ಆ ನಾಲ್ಕು ತಿಂಗಳು ಮನೆಯ ಉತ್ತರದ ಗೋಡೆಗೇ ನಡುಮಧ್ಯಾಹ್ನದ ಬಿಸಿಲು. ಡಿಸೆಂಬರ್ ಕೊನೆಗೆ ಅದೇ ಸೂರ್ಯ ದಕ್ಷಿಣಕ್ಕೆ 36 ಡಿಗ್ರಿ ವಾಲಿರುತ್ತಾನೆ. ಆಗ 33 ಅಡಿ ಮನೆಯ ನೆರಳು ಮಧ್ಯಾಹ್ನವೇ 24 ಅಡಿ ಚಾಚುತ್ತದೆ. ಅಂಗಳ ಇರುವುದು 15 ಅಡಿ. ಹಳೇ ಮನೆಗೆ 12 ಅಡಿ ಇದ್ದಾಗ ಡಿಸೆಂಬರ್ ನೆರಳು 9 ಅಡಿಗೆ ನಿಲ್ಲುತ್ತಿತ್ತು. ಕಾಂಪೌಂಡ್ ಪಕ್ಕದ ಗುಲಾಬಿಗಳು ವರ್ಷವಿಡೀ ಬಿಸಿಲಲ್ಲೇ ಇದ್ದವು.

ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಟೀಚರಮ್ಮ ಸ್ವಲ್ಪ ಹೊತ್ತು ಸುಮ್ಮನಾದರು. "ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಉತ್ತರಾಯಣ, ದಕ್ಷಿಣಾಯನ ಎಷ್ಟು ವರ್ಷ ಹೇಳಿಕೊಟ್ಟಿದ್ದೀನಿ. ನನ್ನ ಅಂಗಳಕ್ಕೆ ಅದು ಬರುತ್ತೆ ಅಂತ ಹೊಳೆಯಲೇ ಇಲ್ಲ ನೋಡು."

ಲೆಕ್ಕ ಎಷ್ಟೇ ಸರಿಯಿದ್ದರೂ ಜಾಗ ನೋಡದೆ ಗಿಡ ನೆಡುವುದು ನನಗೆ ಇಷ್ಟವಿಲ್ಲ. ಪಕ್ಕದ ಮನೆಯ ಗೋಡೆ, ಪೋರ್ಟಿಕೋ, ನೀರಿನ ಟ್ಯಾಂಕು ಎಲ್ಲ ಲೆಕ್ಕ ಕೆಡಿಸುತ್ತವೆ. ಹಾಗಾಗಿ ಒಂದು ಕೆಲಸ ಹೇಳಿದೆ. ಪ್ರತಿ ತಿಂಗಳು 21ನೇ ತಾರೀಖು ಮಧ್ಯಾಹ್ನ 12.20ಕ್ಕೆ ಅಂಗಳದ ಚಪ್ಪಡಿ ಕಲ್ಲಿನ ಮೇಲೆ ನೆರಳಿನ ಅಂಚಿಗೆ ಗೆರೆ ಎಳೆಯಬೇಕು. ನಮ್ಮ ಊರಲ್ಲಿ ಸೂರ್ಯ ಅತಿ ಎತ್ತರದಲ್ಲಿರುವುದು ಹನ್ನೆರಡಕ್ಕಲ್ಲ, ಹೆಚ್ಚೂ ಕಡಿಮೆ 12.20ಕ್ಕೆ. ಡಿಸೆಂಬರ್‌ವರೆಗೆ ಒಂದು ಗಿಡವನ್ನೂ ಕೊಳ್ಳಬಾರದು ಅಂತಲೂ ಹೇಳಿದೆ.

ಗೆರೆ ಎಳೆಯುವುದಕ್ಕೆ ಅವರು ತಕ್ಷಣ ಒಪ್ಪಿದರು. ಮನೆಯಲ್ಲಿ ಸೀಮೆಸುಣ್ಣದ ಡಬ್ಬಿ ಇನ್ನೂ ಇತ್ತು. ಕಾಯುವುದಕ್ಕೆ ಮಾತ್ರ ಒಪ್ಪಲಿಲ್ಲ. "ವರಮಹಾಲಕ್ಷ್ಮಿಗೆ ಅಂಗಳದಲ್ಲಿ ಒಂದು ಹೂವೂ ಬೇಡ್ವಾ?" ಅಂತ ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದೇ. ಆರು ತಿಂಗಳು ಖಾಲಿ ಅಂಗಳ ನೋಡಿಕೊಂಡು ಕೂತರೆ ಆಸೆಯೇ ಬತ್ತಿಹೋಗುತ್ತೆ. ಹಾಗಾಗಿ ಕರ್ಣಕುಂಡಲದ ಬೀಜ ಕೊಟ್ಟೆ. ಅದು ಒಂದೇ ಮಳೆಗಾಲದ ಗಿಡ, ಎರಡು ತಿಂಗಳಲ್ಲಿ ಹೂ, ಆಮೇಲೆ ತಾನಾಗಿ ಹೋಗುತ್ತದೆ. ಜೂನ್ ಕೊನೆಗೆ ಬಿತ್ತಿದರು. ಜುಲೈನಲ್ಲಿ ದೊಡ್ಡ ಬಸವನಹುಳುಗಳು ಬಂದು ಅರ್ಧ ಸಸಿ ತಿಂದವು. ರಾತ್ರಿ ಟಾರ್ಚ್ ಹಿಡಿದು ಸೊಸೆ ಹೆಕ್ಕಿದರು. ಉಳಿದ ಅರ್ಧ ಆಗಸ್ಟ್ 25ರ ಹಬ್ಬಕ್ಕೆ ಗುಲಾಬಿ, ಬಿಳಿ ಬಣ್ಣದಲ್ಲಿ ಕಾಂಡದ ಉದ್ದಕ್ಕೂ ಹೂ ಬಿಟ್ಟು ನಿಂತಿದ್ದವು.

ಅಕ್ಟೋಬರ್‌ನಲ್ಲಿ ಮತ್ತೆ ಹೋದಾಗ ನಾನು ನೋಡಿದ್ದನ್ನು ಮರೆಯಲಾರೆ. ಮಳೆಗೆ ಅಳಿಸಿಹೋಗುತ್ತೆ ಅಂತ ಸೀಮೆಸುಣ್ಣದ ಗೆರೆಯ ಮೇಲೆ ಬಿಳಿ ಪೇಂಟಿನಲ್ಲಿ ತಿದ್ದಿದ್ದರು. ಪ್ರತಿ ಗೆರೆಯ ಪಕ್ಕ ದುಂಡಗಿನ ಅಕ್ಷರದಲ್ಲಿ ತಾರೀಖು. ಜೂನ್, ಜುಲೈಗೆ ಗೆರೆಯೇ ಇಲ್ಲ, ಗೋಡೆಯ ಬುಡಕ್ಕೆ "ನೆರಳು ಇಲ್ಲ" ಅಂತ ಬರೆದಿದ್ದರು. ಸೆಪ್ಟೆಂಬರ್ ಗೆರೆ ಅಂಗಳದ ನಡುವೆ. ಅಕ್ಟೋಬರ್ 21ರ ಗೆರೆ ಕಾಂಪೌಂಡ್ ತಲುಪಲು ಒಂದು ಗೇಣು ಬಾಕಿ. ಚಪ್ಪಡಿ ಕಲ್ಲಿನ ಮೇಲೆ ಇಡೀ ವರ್ಷ ಬರೆದಿಟ್ಟಂತಿತ್ತು.

ಅಂಗಳ ಮೂರು ಪಟ್ಟಿಯಾಗಿ ಒಡೆಯಿತು. ಗೋಡೆಯ ಬುಡದ ಮೂರು ಅಡಿಗೆ ಏಪ್ರಿಲ್ 10ರಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ನಡುಹಗಲ ಬಿಸಿಲು, ಉಳಿದಂತೆ ನೆರಳು. ನಡುವಿನ ಪಟ್ಟಿಗೆ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಬಿಸಿಲು. ಕಾಂಪೌಂಡ್ ಪಕ್ಕಕ್ಕೆ ಫೆಬ್ರವರಿ 20ರಿಂದ ಅಕ್ಟೋಬರ್ 22ರ ತನಕ. ಇದಲ್ಲದೆ ಪೋರ್ಟಿಕೋ ಕೆಳಗೆ ಯಾವತ್ತೂ ನೇರ ಬಿಸಿಲು ಬೀಳದ, ಆದರೆ ಬೆಳಕು ಚೆನ್ನಾಗಿರುವ ಒಂದು ಮೂಲೆ. ಉತ್ತರಕ್ಕೆ ರಸ್ತೆ, ಆಕಾಶ ತೆರೆದಿದೆ. ನೆರಳಾದರೂ ಕತ್ತಲೆಯಲ್ಲ. ಓದಲು ಲೈಟ್ ಬೇಡದಂಥ ನೆರಳು. ಹೂಗಿಡಕ್ಕೆ ಈ ವ್ಯತ್ಯಾಸ ಬಹಳ ದೊಡ್ಡದು.

ಯಾವ ಗಿಡ, ಯಾಕೆ

ಗಿಡದ ಹೆಸರಿಗೆ ಬರುವ ಮೊದಲು ಟೀಚರಮ್ಮನನ್ನು ಕೇಳಿದೆ, ಹೂ ಯಾತಕ್ಕೆ ಅಂತ. ದಿನಾ ದೇವರಿಗೆ ನಾಲ್ಕು ಹೂ, ಹಬ್ಬಕ್ಕೆ ಒಂದು ಮಾಲೆ, ಬಾಗಿಲು ತೆಗೆದಾಗ ಕಣ್ಣಿಗೆ ಒಂದಿಷ್ಟು ಬಣ್ಣ. ಗುಲಾಬಿ ಬಿಡೋದು ಕಷ್ಟವಾಯಿತು ಅವರಿಗೆ. ಕಾಂಪೌಂಡ್ ಪಕ್ಕ ಎಂಟು ತಿಂಗಳು ಬಿಸಿಲಿದೆಯಲ್ಲ, ಒಂದಾದರೂ ಇಡೋಣ ಅಂದರು. ಎಂಟು ತಿಂಗಳು ಇದ್ದರೂ ದಿನಕ್ಕೆ ಸಿಗುವುದು ಮೂರು ನಾಲ್ಕು ಗಂಟೆ. ಗುಲಾಬಿಗೆ ಆರು ಗಂಟೆಯಾದರೂ ಬೇಕು. ಜೊತೆಗೆ ಕತ್ತರಿಸುವುದು, ಔಷಧಿ ಹೊಡೆಯುವುದು. ಬೇಡ ಅಂತ ಗಟ್ಟಿಯಾಗಿ ಹೇಳಿದೆ. ಆ ಮಾತು ಆಡುವುದು ನನಗೂ ಸುಲಭವಾಗಿರಲಿಲ್ಲ.

ಮೊದಲು ಮಣ್ಣು. ಅಗೆದರೆ ನಾಲ್ಕು ಇಂಚಿನ ಕೆಳಗೆ ಇಟ್ಟಿಗೆ ಚೂರು, ಸಿಮೆಂಟ್ ಗಟ್ಟಿ. ಸಿಮೆಂಟಿನ ಸುಣ್ಣ ಸೇರಿದ ಮಣ್ಣಲ್ಲಿ ಗಿಡಕ್ಕೆ ಕಬ್ಬಿಣದ ಅಂಶ ಸಿಗದೆ ಎಲೆ ಹಳದಿಯಾಗುತ್ತದೆ. ಇಡೀ ಅಂಗಳ ಅಗೆಸಲು ದುಡ್ಡಿರಲಿಲ್ಲ. ಗಿಡ ನೆಡುವ ಕಡೆ ಮಾತ್ರ ಒಂದೂವರೆ ಅಡಿ ತೆಗೆದು ಹೊಸ ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿದೆವು.

ನಡುವಿನ ಪಟ್ಟಿಗೆ ಕನಕಾಂಬರ. ಈ ಅಂಗಳದ ಜೀವ ಅದೇ ಅಂತ ನನಗೆ ಮೊದಲೇ ಅನ್ನಿಸಿತ್ತು. ಅರೆನೆರಳಲ್ಲಿ ಚೆನ್ನಾಗಿ ಬರುತ್ತದೆ. ಹೂ ಕಿತ್ತ ಮೇಲೂ ಬೇಗ ಬಾಡುವುದಿಲ್ಲ. ದಿನ ಬಿಟ್ಟು ದಿನ ಕಿತ್ತರೆ ಸಾಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅಂಬರ, ಅರ್ಕಾ ಕನಕ ತಳಿಗಳಿವೆ. ಮಾರುಕಟ್ಟೆಯಲ್ಲಿ ಜಾಸ್ತಿ ಸಿಗುವ ಡೆಲ್ಲಿ ಕನಕಾಂಬರ ಹೂವೇನೋ ಚಂದ, ಆದರೆ ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಮಾಡಬೇಕು. ನಾವು ಬೀಜ ಕಟ್ಟುವ ನಾಟಿ ಗಿಡವನ್ನೇ ಆರಿಸಿದೆವು. ಒಂದು ಸತ್ತರೆ ಇನ್ನೊಂದು ತಾನಾಗಿ ಹುಟ್ಟಲಿ ಅಂತ. ಒಂಬತ್ತು ಕುಂಡ. ಅವನ್ನು ಎರಡು ಅಡಿ ಎತ್ತರದ ಕಟ್ಟೆಯ ಮೇಲೆ ಇಟ್ಟೆವು. ಟೀಚರಮ್ಮ ಸ್ಟೂಲ್ ಹಾಕಿಕೊಂಡು ಕೂತರೆ ತೆನೆ ಸರಿಯಾಗಿ ಎದೆ ಮಟ್ಟಕ್ಕೆ ಬರುತ್ತೆ. ಮಂಡಿ ನೋವಿನವರಿಗೆ ಗಿಡ ಯಾವುದು ಅನ್ನುವಷ್ಟೇ ಅದು ಎಷ್ಟು ಎತ್ತರದಲ್ಲಿದೆ ಅನ್ನೋದೂ ಮುಖ್ಯ.

ಕಾಂಪೌಂಡ್ ಪಕ್ಕ ಎರಡು ನಂದಿಬಟ್ಟಲು, ಮೂರು ಸ್ಫಟಿಕ. ನಂದಿಬಟ್ಟಲು ದಿನಾ ನಾಲ್ಕು ಬಿಳಿ ಹೂವಿನ ಲೆಕ್ಕಕ್ಕೆ. ಸ್ಫಟಿಕವನ್ನು ಗೋರಂಟಿ ಅಂತಲೂ ಕರೆಯುತ್ತಾರೆ. ಅದು ಹೂ ಬಿಡುವುದೇ ಅಕ್ಟೋಬರ್‌ನಿಂದ ಡಿಸೆಂಬರ್, ಅಂದರೆ ಬಿಸಿಲಲ್ಲಿ ಬೆಳೆದು, ನೆರಳು ಬಂದು ಮುಟ್ಟುವ ಹೊತ್ತಿಗೆ.

ಗೋಡೆಯ ಬುಡದ ಪಟ್ಟಿಯೇ ಎಲ್ಲಕ್ಕಿಂತ ಕಷ್ಟದ್ದು. ಎರಡೂ ಸಲ ಮೋಸ ಮಾಡಿದ ಜಾಗ. ಅಲ್ಲಿಗೆ ನಾನು ಆರಿಸಿದ್ದು ಮೇ ಫ್ಲವರ್, ಕೆಂಪು ಚೆಂಡಿನಂತೆ ಅರಳುವ ಗೆಡ್ಡೆಗಿಡ. ಚಳಿಗಾಲದಲ್ಲಿ ಎಲೆ ಉದುರಿಸಿ ಮಣ್ಣೊಳಗೆ ಮಲಗುತ್ತದೆ. ನೆರಳು ಎಷ್ಟು ದಟ್ಟವಾದರೂ ಆಗ ಅದಕ್ಕೆ ಚಿಂತೆಯಿಲ್ಲ. ಏಪ್ರಿಲ್, ಮೇ ಬಿಸಿಲಿಗೆ ಹೂವೆದ್ದು, ಮಳೆಗಾಲವೆಲ್ಲ ಎಲೆ ಹಸಿರಾಗಿ ನಿಲ್ಲುತ್ತದೆ. ಆ ಪಟ್ಟಿಯ ಬಿಸಿಲಿಗೂ ಆ ಗೆಡ್ಡೆಯ ಎಚ್ಚರಕ್ಕೂ ತಿಂಗಳು ತಿಂಗಳಿಗೆ ಹೊಂದಿಕೆ ಇದೆ. 25 ಗೆಡ್ಡೆ ಹಾಕಿದೆವು.

ನಲ್ಲಿಯ ಹತ್ತಿರ ಪಾತ್ರೆ ತೊಳೆದ ನೀರು ಹರಿಯುವ ಕಡೆ ಶುಂಠಿ ಜಾತಿಯ, ಘಮಘಮಿಸುವ ಬಿಳಿ ಹೂವಿನ ಸುಗಂಧಿಯ ನಾಲ್ಕು ಗೆಡ್ಡೆ, ಮಲೆನಾಡಿನ ನೆಂಟರ ಮನೆಯಿಂದ ತಂದದ್ದು. ಪೋರ್ಟಿಕೋ ಕೆಳಗೆ ನೇತುಕುಂಡದಲ್ಲಿ ಬ್ರಹ್ಮಕಮಲ. ನಾವು ಹಾಗೆ ಕರೆಯುವ ಈ ಗಿಡ ನಿಜಕ್ಕೂ ಮೆಕ್ಸಿಕೋ ಕಡೆಯ ಕಳ್ಳಿಜಾತಿ. ಹಿಮಾಲಯದ ಬ್ರಹ್ಮಕಮಲ ಬೇರೆ. ಉಳಿದ ಎರಡು ಪೀಸ್ ಲಿಲಿಗಳನ್ನೂ ಅಲ್ಲಿಗೇ ತಂದು ಎತ್ತರದ ಸ್ಟ್ಯಾಂಡ್ ಮೇಲಿಟ್ಟೆವು. ಅದರ ಎಲೆ ಅಗಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತೆ. ಅಂಬೆಗಾಲಿನ ಮಗು ಇರುವ ಮನೆಯಲ್ಲಿ ಅದು ನೆಲದ ಮೇಲೆ ಇರಬಾರದು. ಮೇ ಫ್ಲವರ್ ಗೆಡ್ಡೆಯೂ ವಿಷವೇ. ಆ ಪಟ್ಟಿಗೆ ಒಂದೂವರೆ ಅಡಿಯ ಬೇಲಿ ಹಾಕಿಸಿದೆವು.

ನೀರಿಲ್ಲದ ಬೇಸಿಗೆ

ನೆಟ್ಟದ್ದು 2023ರ ಡಿಸೆಂಬರ್, 2024ರ ಜನವರಿಯಲ್ಲಿ. ಅದು ನನ್ನ ಲೆಕ್ಕಾಚಾರದ ತಪ್ಪು. ಬೇರು ಇಳಿಯುವ ಮೊದಲೇ ಬೇಸಿಗೆ ಬಂತು. ಆ ವರ್ಷದ ಬೇಸಿಗೆ ಬೆಂಗಳೂರಿನವರಿಗೆ ನೆನಪಿದೆ, ಅಲ್ವಾ? ಬೋರ್‌ಗಳು ಬತ್ತಿದವು. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಮಾರ್ಚ್‌ನಲ್ಲಿ ಜಲಮಂಡಳಿ ಆದೇಶ ಹೊರಡಿಸಿತು. ಏಪ್ರಿಲ್ ಕೊನೆಗೆ ಬಿಸಿಲು 38 ಡಿಗ್ರಿ ದಾಟಿತು.

ಈ ಮನೆಗೆ ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ನೀರು. ಟೀಚರಮ್ಮ ಅಕ್ಕಿ, ತರಕಾರಿ ತೊಳೆದ ನೀರನ್ನು ಬಕೆಟ್‌ನಲ್ಲಿ ಹಿಡಿದಿಟ್ಟು ಒಂದೊಂದು ಕುಂಡಕ್ಕೆ ಒಂದೊಂದು ಮಗ್ ಹಾಕಿದರು. ಕುಡಿಯುವ ನೀರಿನ ಫಿಲ್ಟರ್ ಬೇಡವೆಂದು ಹೊರಗೆ ಬಿಡುವ ನೀರನ್ನೂ ಹಾಕಿದರು. ಅದರಲ್ಲಿ ಉಪ್ಪು ಜಾಸ್ತಿ, ಪೀಸ್ ಲಿಲಿಯ ಎಲೆ ತುದಿ ಸುಟ್ಟವು. ಅದನ್ನು ನಿಲ್ಲಿಸಲು ಹೇಳಿದೆ.

ಏನೇನಾಯಿತು ಅಂದರೆ: ಸುಗಂಧಿ ನೆಲಮಟ್ಟಕ್ಕೆ ಒಣಗಿತು. ಸ್ಫಟಿಕದಲ್ಲಿ ಒಂದು ಹೋಯಿತು. ನಂದಿಬಟ್ಟಲು ಎಲೆ ಉದುರಿಸಿ ಬರೀ ಕಡ್ಡಿಯಾಗಿ ನಿಂತಿತು. ಕನಕಾಂಬರ ಮಧ್ಯಾಹ್ನ ಜೋತುಬಿದ್ದು ಸಂಜೆ ಎದ್ದು ಕೂರುತ್ತಿತ್ತು. ಬ್ರಹ್ಮಕಮಲಕ್ಕೆ ಬೇಸಿಗೆ ಬಂದದ್ದೇ ಗೊತ್ತಾಗಲಿಲ್ಲ.

ಗೋಡೆಯ ಬುಡದ ಪಟ್ಟಿಗೆ ಮಾತ್ರ ಯಾರೂ ಒಂದು ಮಗ್ ನೀರೂ ಹಾಕಿರಲಿಲ್ಲ. ಅಲ್ಲೇನೂ ಕಾಣುತ್ತಲೇ ಇರಲಿಲ್ಲವಲ್ಲ. ಮೇ ತಿಂಗಳು ಎರಡು ಮಳೆ ಬಿತ್ತು. ಹತ್ತು ದಿನಕ್ಕೆ ಬರೀ ಮಣ್ಣಿನಿಂದ ದಪ್ಪ ಹಸಿರು ದಂಟುಗಳು ಎದ್ದವು. ಒಂದು ಎಲೆಯೂ ಇಲ್ಲ, ತುದಿಯಲ್ಲಿ ಮುಚ್ಚಿದ ಮೊಗ್ಗು ಮಾತ್ರ. ಅದು ಒಡೆದು ನೂರಾರು ಸಣ್ಣ ಹೂಗಳ ಚೆಂಡಾಯಿತು. ಹೋದ ವರ್ಷ ಪೀಸ್ ಲಿಲಿ ಸುಟ್ಟುಹೋದ ಅದೇ ಸಾಲಿನಲ್ಲಿ, ಅದೇ ತಿಂಗಳಲ್ಲಿ, 19 ಕೆಂಪು ಚೆಂಡುಗಳು. ಟೀಚರಮ್ಮ ಫೋನ್ ಮಾಡಿ ಎಣಿಸಿ ಹೇಳಿದರು.

ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿಯಿತು. ಅದು ಇನ್ನೊಂದು ಥರದ ಪರೀಕ್ಷೆ. ಕನಕಾಂಬರದ ಮೂರು ಕುಂಡಗಳ ತೂತು ಕಟ್ಟಿಕೊಂಡು ನೀರು ನಿಂತಿತ್ತು. ಮೂರೂ ಸೊರಗಿ ಸತ್ತವು. ಉಳಿದ ಆರಕ್ಕೆ ತೂತು ದೊಡ್ಡದು ಮಾಡಿ, ಬೇರುಗಂಟಿನ ಹುಳಕ್ಕೆ ಅಂತ ಒಂದೊಂದು ಹಿಡಿ ಬೇವಿನ ಹಿಂಡಿ ಬೆರೆಸಿದೆವು. ಸುಗಂಧಿ ಜುಲೈನಲ್ಲಿ ಮತ್ತೆ ಚಿಗುರಿತು. ಆ ವರ್ಷ ಬರೀ ಎಲೆ, ಮರುವರ್ಷದ ಮಳೆಗೆ ಹೂ.

ಬೇರೆ ಮನೆಗಳಲ್ಲಿ ನಾನೀಗ ಏನು ಮಾಡುತ್ತೇನೆ

ಈ ಮನೆಯಾದ ಮೇಲೆ ನಾನು ನೆರಳು ಅನ್ನುವ ಮಾತನ್ನು ಒಂಟಿಯಾಗಿ ಒಪ್ಪುವುದಿಲ್ಲ. ಯಾವ ತಿಂಗಳ ನೆರಳು ಅಂತ ಕೇಳುತ್ತೇನೆ. ಜೂನ್‌ನಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಒಮ್ಮೆ ಜಾಗ ನೋಡದೆ ಉತ್ತರ ದಿಕ್ಕಿನ ಅಂಗಳಕ್ಕೆ ಗಿಡ ಹೇಳುವುದಿಲ್ಲ. ಬೆಂಗಳೂರಿನ ತಾರೀಖುಗಳನ್ನೇ ಬೇರೆ ಊರಿಗೆ ಹಚ್ಚುವುದೂ ಸರಿಯಲ್ಲ. ಬೀದರ್‌ನಲ್ಲಿ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುವುದು ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಮಾತ್ರ. ಮಂಗಳೂರಿನ ಲೆಕ್ಕ ಬೆಂಗಳೂರಿನ ಹಾಗೇ ಇದ್ದರೂ ಜೂನ್, ಜುಲೈನಲ್ಲಿ ಅಲ್ಲಿ ಮೋಡ, ಮಳೆ. ಗೋಡೆ ಸುಡುವುದು ಏಪ್ರಿಲ್, ಮೇನಲ್ಲೇ.

ನೆಡುವ ಕಾಲ ಮಾತ್ರ ಬದಲಿಸಿಕೊಂಡಿದ್ದೇನೆ. ಜಾಗದ ಅಳತೆ ಮುಗಿದರೂ ಜೂನ್ ಮಳೆ ಬರುವವರೆಗೆ ತಡೆಯುತ್ತೇನೆ. ನನ್ನ ಅವಸರದಿಂದ ಆ ಅಂಗಳದ ಗಿಡಗಳು ನಾಲ್ಕು ತಿಂಗಳು ಸುಮ್ನೆ ಕಷ್ಟಪಟ್ಟವು.

ಆರೈಕೆ ಸುಲಭದ್ದು ಅಂದರೆ ಕೆಲಸವೇ ಇಲ್ಲದ್ದು ಅಂತ ಜನ ತಿಳಿಯುತ್ತಾರೆ. ಟೀಚರಮ್ಮ ಈಗಲೂ ದಿನಕ್ಕೆ ಹದಿನೈದು ನಿಮಿಷ ಅಂಗಳದಲ್ಲಿರುತ್ತಾರೆ. ಜನವರಿಯಲ್ಲಿ ಸ್ಫಟಿಕ ಕತ್ತರಿಸಲು ಒಂದು ದಿನ ಆಳು ಬರುತ್ತಾನೆ. ಗಿಡ ಉಳಿಸುವುದಕ್ಕೆ ಓಡಾಡುವ ಕೆಲಸ ನಿಂತಿದೆ, ಹೂ ಕೀಳುವ ಕೆಲಸ ಉಳಿದಿದೆ.

ಈಗ

ನವೆಂಬರ್‌ನಿಂದ ಫೆಬ್ರವರಿವರೆಗೆ ಹೂ ಕಡಿಮೆಯೇ. ನಂದಿಬಟ್ಟಲು ಕೆಲವು ದಿನ ಎರಡೇ ಕೊಡುತ್ತದೆ. ಸ್ಫಟಿಕ ಮುಗಿದ ಮೇಲೆ ಜನವರಿ ತುಂಬ ಬೀದಿಯ ಹೂವಾಡಗಿತ್ತಿಯ ಹತ್ತಿರ ಒಂದು ಮೊಳ ಕೊಳ್ಳುತ್ತಾರೆ. ಕಾಂಪೌಂಡಿನ ಪೂರ್ವದ ಮೂಲೆ, ಪಕ್ಕದ ಮನೆಯ ಸಂಪಿನ ಹತ್ತಿರ, ಇನ್ನೂ ಖಾಲಿ. ಅಲ್ಲಿ ಮೂರು ಗಿಡ ಹಾಕಿ ನೋಡಿದೆ, ಯಾವುದೂ ಹೂ ಬಿಡಲಿಲ್ಲ.

ಕನಕಾಂಬರದ ಒಣಗಿದ ತೆನೆಗೆ ಮಳೆ ಹನಿ ಬಿದ್ದರೆ ಕಾಯಿ ಪಟ್ ಅಂತ ಸಿಡಿಯುತ್ತದೆ. ಬೀಜ ಕಟ್ಟೆಯಿಂದ ಹಾರಿ ಚಪ್ಪಡಿ ಕಲ್ಲಿನ ಸಂದಿಗೆ ಬೀಳುತ್ತದೆ. ಬಾಡಿಗೆಯವರ ಸ್ಕೂಟರ್ ನಿಲ್ಲುವ ಜಾಗದಲ್ಲೂ ಸಸಿ ಎದ್ದಿವೆ. ಕಸ ಗುಡಿಸುವವರು ಕಿತ್ತುಹಾಕಲು ಟೀಚರಮ್ಮ ಬಿಡುವುದಿಲ್ಲ. ಸೊಸೆಯ ಕೈಲಿ ಚಮಚದಲ್ಲಿ ಎಬ್ಬಿಸಿ ಮೊಸರಿನ ಖಾಲಿ ಡಬ್ಬಿಗಳಲ್ಲಿ ನೆಡಿಸುತ್ತಾರೆ. ಹೋದ ತಿಂಗಳು ನಾನು ಹೋದಾಗ ಕಟ್ಟೆಯ ಮೇಲೆ ಅಂಥ ಏಳು ಡಬ್ಬಿಗಳಿದ್ದವು. ಎರಡನೇ ಮಹಡಿಯ ಹುಡುಗಿ ಒಂದನ್ನು ಕೇಳಿಕೊಂಡು ಬಂದಳು, ತವರುಮನೆಗೆ ಕೊಡಲು.

"ಕೊಡ್ತೀನಿ, ಅದಕ್ಕೇನು" ಅಂದರು ಟೀಚರಮ್ಮ. "ಮೊದಲು ನಿಮ್ಮಮ್ಮನಿಗೆ ಫೋನ್ ಮಾಡು. ಮಧ್ಯಾಹ್ನ ಹನ್ನೆರಡು ಇಪ್ಪತ್ತಕ್ಕೆ ಅಂಗಳದಲ್ಲಿ ನೆರಳು ಎಲ್ಲಿದೆ ಅಂತ ಕೇಳು. ಆಮೇಲೆ ಬಾ."